ಸೌದೆ ಹೊತ್ತವರ ಕಾಡು: ಪಶ್ಚಿಮದ ಸಾಹಿತ್ಯವನ್ನು ಕೇರಿಯಿಂದ ಓದುವ ಪ್ರಯತ್ನ

1

ಇಂಗ್ಲಿಷಿನ 'ಫಾರೆಸ್ಟ್' ಎಂಬ ಪದಕ್ಕೆ ನಾವು 'ಕಾಡು' ಎಂದು ಅರ್ಥ ಹೇಳಿಕೊಂಡು ಬಂದಿದ್ದೇವೆ. ಆದರೆ ಆ ಪದ ಚಲಾವಣೆಗೆ ಬಂದಾಗ ಅದಕ್ಕೂ ಮರಗಿಡಗಳಿಗೂ ಅಂಥ ನಂಟೇನೂ ಇರಲಿಲ್ಲ. ಮಧ್ಯಯುಗದ ಲ್ಯಾಟಿನ್ನಿನ 'ಫೊರೆಸ್ಟ'ದಿಂದ ಬಂದದ್ದು ಅದು. ಅದರ ಬೇರು 'ಫೊರಿಸ್', ಅಂದರೆ 'ಹೊರಗೆ' ಎಂಬುದು ಬಹುಮಂದಿ ವಿದ್ವಾಂಸರು ಒಪ್ಪಿರುವ ಮಾತು. ಎಲ್ಲರಿಗೂ ಅನ್ವಯಿಸುವ ಕಾನೂನಿನ ಹೊರಗಿಟ್ಟು, ರಾಜನ ಬೇಟೆಗೆಂದು ಮೀಸಲು ಮಾಡಿದ ನೆಲ. ಅದರೊಳಗೆ ಮರ ಇರಬಹುದು, ಹುಲ್ಲುಗಾವಲು ಇರಬಹುದು, ಉತ್ತು ಬಿತ್ತುವ ಹಳ್ಳಿಗಳೂ ಇರಬಹುದು. ರಾಜ 'ಇದು ಫಾರೆಸ್ಟ್' ಅಂದರೆ ಮುಗಿಯಿತು, ಅದು ಫಾರೆಸ್ಟ್.

'ಹೊರಗೆ' ಎಂಬ ಮಾತು ನಮಗೇನು ಹೊಸದಲ್ಲ. ಊರ ಹೊರಗೆ ಕೇರಿ, ಹೊಸ್ತಿಲ ಹೊರಗೆ ಊಟ, ಗುಡಿಯ ಹೊರಗೆ ನಿಂತು ಕೈಮುಗಿಯುವುದು. ಹೊರಗು ಎನ್ನುವುದು ಭೂಗೋಳದ ಸಂಗತಿಯಲ್ಲ, ಒಳಗೆ ನಿಂತವನು ಎಳೆದ ಗೆರೆ ಅಂತ ನಮಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ಪದದ ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಲ್ಯಾಟಿನ್ನಿನಲ್ಲಿ ಕಾಡಿಗೆ 'ಸಿಲ್ವ' ಎನ್ನುತ್ತಾರೆ. ಕಾಡಿಗೆ ಸೇರಿದ್ದು 'ಸಿಲ್ವಾಟಿಕಸ್'. ಅದು ಫ್ರೆಂಚಿನಲ್ಲಿ ಸವೆದು 'ಸೊವಾಜ್' ಆಯಿತು, ಇಂಗ್ಲಿಷಿಗೆ ಬಂದು 'ಸ್ಯಾವೇಜ್' ಆಯಿತು. ಕಾಡಿನಲ್ಲಿರುವವನು ಅನ್ನುವ ಬರೀ ವರ್ಣನೆ, ಅನಾಗರಿಕ ಅನ್ನುವ ಬೈಗುಳವಾಗಿ ಹೋಯಿತು. ಹಡಗು ಹತ್ತಿ ಅಮೆರಿಕಕ್ಕೆ, ಆಫ್ರಿಕಕ್ಕೆ ಹೋದ ಯುರೋಪಿನವನ ಬಾಯಲ್ಲಿ ಈ ಬೈಗುಳ ಸಿದ್ಧವಾಗಿತ್ತು. ನಮ್ಮಲ್ಲೂ 'ಕಾಡುಜನ' ಎಂದಾಗ ಹೇಳುವವನ ತುಟಿ ಹೇಗೆ ಕೊಂಕುತ್ತದೆ ಎಂಬುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಪಶ್ಚಿಮದ ಸಾಹಿತ್ಯದ ಕಾಡಿನ ಬಗ್ಗೆ ವಿಮರ್ಶೆಗೇನೂ ಬರವಿಲ್ಲ. 1992ರಲ್ಲಿ ಬಂದ ರಾಬರ್ಟ್ ಪೋಗ್ ಹ್ಯಾರಿಸನ್ ಅವರ ಪುಸ್ತಕ ಕಾಡನ್ನು ನಾಗರಿಕತೆಯ ನೆರಳು ಎಂದು ಕರೆಯಿತು. ತಿಳಿದವರು ಬರೆದ ಪುಸ್ತಕ, ಓದಲೇಬೇಕಾದದ್ದು. ಕಾನೂನಿನಿಂದ ಹೊರಬಿದ್ದವರ ಬಗ್ಗೆಯೂ ಅದರಲ್ಲಿ ಮಾತಿದೆ. ಆದರೆ ಆ ಕಥೆಯಲ್ಲಿ ಮುಖ್ಯ ಪಾತ್ರಗಳು ಎರಡೇ: ಒಂದು ಕಡೆ ನಾಗರಿಕತೆ, ಇನ್ನೊಂದು ಕಡೆ ಕಾಡು. ನಾಗರಿಕತೆಯ ಒಳಗೇ ಇರುವ ಮೇಲು ಕೀಳು ಆ ನೆರಳಿನಲ್ಲಿ ಕಾಣದೆ ಹೋಗುತ್ತದೆ. ದಲಿತ ವಿಮರ್ಶೆಗೆ ಈ ಜಾಗದಲ್ಲಿ ಕೆಲಸವಿದೆ. ನಮ್ಮ ಪ್ರಶ್ನೆ ಸಣ್ಣದು. ಈ ಸಾಹಿತ್ಯದ ಕಾಡಿಗೆ ಯಾರು ಹೋಗಿ ಬಂದರು? ಯಾರು ಅಲ್ಲೇ ಉಳಿದರು? ಅಲ್ಲಿಂದ ಸೌದೆ ಹೊತ್ತು ತಂದವರು ಯಾರು?

2

ದಾಂತೆಯ ಮಹಾಕಾವ್ಯ ಶುರುವಾಗುವುದೇ ಕತ್ತಲ ಕಾಡಿನಲ್ಲಿ. ನಡುವಯಸ್ಸಿನ ಮನುಷ್ಯನೊಬ್ಬ ದಾರಿ ತಪ್ಪಿದ್ದಾನೆ. ಎದುರಿಗೆ ಚಿರತೆ, ಸಿಂಹ, ಹೆಣ್ಣು ತೋಳ. ಇವೆಲ್ಲ ಪಾಪದ ಸಂಕೇತಗಳು ಎಂದು ಟೀಕಾಕಾರರು ಹೇಳುತ್ತಾರೆ. 1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದ ಕವಿಗೆ ದಾರಿ ತಪ್ಪುವುದೆಂದರೇನು ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಆದರೂ ಇದು ಆತ್ಮದ ಕಾಡು. ಇದನ್ನು ದಾಟಿದವನಿಗೆ ಕೊನೆಗೆ ಸ್ವರ್ಗವಿದೆ, ಕೈಹಿಡಿದು ನಡೆಸಲು ವರ್ಜಿಲ್‌ನಂಥ ಮಹಾಕವಿ ಇದ್ದಾನೆ. ಪಶ್ಚಿಮದ ಶಿಷ್ಟ ಸಾಹಿತ್ಯದಲ್ಲಿ ಕಾಡು ಬಹುಪಾಲು ಇಂಥದ್ದು: ಯಜಮಾನನೊಬ್ಬ ಒಳಹೊಕ್ಕು, ಕಳೆದುಹೋಗಿ, ಕಲಿತು, ದೊಡ್ಡವನಾಗಿ ಹಿಂದಿರುಗುವ ಪಾಠಶಾಲೆ.

ಇದೇ ಯುರೋಪಿನಲ್ಲಿ ಇನ್ನೊಂದು ಕಾಡೂ ಇತ್ತು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ ಸುಮಾರು 1079ರಲ್ಲಿ 'ನ್ಯೂ ಫಾರೆಸ್ಟ್' ಮಾಡಿಕೊಂಡ. ಜಿಂಕೆಗೂ ಅದು ಮೇಯುವ ಹಸಿರಿಗೂ ಬೇರೆ ಕಾನೂನು, ಬೇರೆ ಕೋರ್ಟು. ಕಾಡಂಚಿನ ಬಡವರ ನಾಯಿ ಜಿಂಕೆಯ ಬೆನ್ನು ಹತ್ತಬಾರದೆಂದು ಅದರ ಮುಂಗಾಲಿನ ಮೂರು ಉಗುರು ಕತ್ತರಿಸುತ್ತಿದ್ದರು. 1217ರ ಕಾಡಿನ ಸನ್ನದು ಈ ಕ್ರೌರ್ಯವನ್ನು ಸ್ವಲ್ಪ ಸಡಿಲಿಸಿತು. ಜಿಂಕೆ ಹೊಡೆದವನ ಪ್ರಾಣವನ್ನಾಗಲಿ ಅಂಗವನ್ನಾಗಲಿ ಇನ್ನು ತೆಗೆಯಬಾರದು ಎಂದಿತು; ಹಂದಿ ಮೇಯಿಸುವ ಹಕ್ಕನ್ನು ಒಪ್ಪಿತು. ಈ ಸನ್ನದನ್ನು ಇವತ್ತಿನ ಎಡಪಂಥೀಯ ಇತಿಹಾಸಕಾರರು ಬಹಳ ಹಾಡಿ ಹೊಗಳುತ್ತಾರೆ. ಹೊಗಳಲಿ. ಆದರೆ ಅದು ಹಕ್ಕು ಕೊಡುವುದು 'ಸ್ವತಂತ್ರ ಮನುಷ್ಯ'ನಿಗೆ. ಆ ಕಾಲದ ಇಂಗ್ಲೆಂಡಿನ ರೈತಾಪಿ ಜನರಲ್ಲಿ ದೊಡ್ಡ ಪಾಲು ಒಡೆಯನ ಜಮೀನಿಗೆ ಕಟ್ಟುಬಿದ್ದ ಜೀತದವರು. ಹೊರಗಿನ ಹೊರಗೂ ಇನ್ನೊಂದು ಹೊರಗು ಇರುತ್ತದೆ ಎಂಬುದು ನಾವು ಮರೆಯಬಾರದ ಪಾಠ.

ಜನ ಸುಮ್ಮನಿರಲಿಲ್ಲ, ರಾಬಿನ್ ಹುಡ್‌ನನ್ನು ಕಟ್ಟಿಕೊಂಡರು. ಸುಮಾರು 1500ರ ಹೊತ್ತಿಗೆ ಅಚ್ಚಾದ ಹಳೆಯ ಲಾವಣಿಯಲ್ಲಿ ಆತ 'ಯೋಮನ್', ಅಂದರೆ ಶ್ರೀಮಂತನೂ ಅಲ್ಲದ ಜೀತದಾಳೂ ಅಲ್ಲದ ಸಾಮಾನ್ಯ ಮನುಷ್ಯ. 1598ರಲ್ಲಿ ಆಂಥೊನಿ ಮಂಡೆ ಎಂಬ ನಾಟಕಕಾರ ಅವನನ್ನು ರಂಗಕ್ಕೆ ತಂದಾಗ ಅವನು ಹಂಟಿಂಗ್ಟನ್ನಿನ ಅರ್ಲ್ ಆಗಿಬಿಟ್ಟ! ಆಸ್ತಿ ಕಳೆದುಕೊಂಡ ದೊಡ್ಡಮನೆಯ ಮಗ. ಜನರ ನಾಯಕ ಸಾಹಿತ್ಯದ ಹೊಸ್ತಿಲು ದಾಟಬೇಕಾದರೆ ಅವನ ರಕ್ತ ಬದಲಾಗಲೇಬೇಕು. ಇದೇನು ಇಂಗ್ಲೆಂಡಿನವರಿಗೆ ಮಾತ್ರ ಹಿಡಿದ ರೋಗವಲ್ಲ. ನೇಕಾರ ಕಬೀರನಿಗೆ ಬ್ರಾಹ್ಮಣ ವಿಧವೆಯ ಹೊಟ್ಟೆ ಹುಡುಕಿಕೊಟ್ಟ ದೇಶ ನಮ್ಮದು. ಕಾಡಿಗೆ ಓಡಿದ ಬಡವನ ಸಿಟ್ಟು ಅಲ್ಲಿಂದಾಚೆಗೆ, ಕಿತ್ತುಕೊಂಡ ಆಸ್ತಿಯನ್ನು ವಾಪಸು ಕೇಳುವ ಧಣಿಯ ಸಿಟ್ಟಾಗಿ ಮಾರ್ಪಟ್ಟಿತು. ರಾಜ ಬದಲಾದರೆ ಸಾಕು, ಕಾಡಿನ ಕಾನೂನು ಬದಲಾಗಬೇಕಿಲ್ಲ.

ಅದರ ಮರುವರ್ಷದ ಸುಮಾರಿಗೆ ಶೇಕ್ಸ್‌ಪಿಯರ್ 'ಆ್ಯಸ್ ಯು ಲೈಕ್ ಇಟ್' ಬರೆದ. ಆರ್ಡನ್ ಕಾಡಿನಲ್ಲಿ ಗಡೀಪಾರಾದ ಡ್ಯೂಕ್ ಕೂತು ಕಷ್ಟದಿಂದಾಗುವ ಲಾಭದ ಬಗ್ಗೆ ಒಳ್ಳೊಳ್ಳೆ ಮಾತಾಡುತ್ತಾನೆ. ನಾಟಕ ಮುಗಿಯುವ ಹೊತ್ತಿಗೆ ರಾಜ್ಯ ವಾಪಸು ಸಿಗುತ್ತದೆ. ಆದರೆ ಶೇಕ್ಸ್‌ಪಿಯರ್ ಶೇಕ್ಸ್‌ಪಿಯರೇ. ಮಧ್ಯದಲ್ಲಿ ಕೋರಿನ್ ಎಂಬ ಮುದಿ ಕುರುಬನನ್ನು ತಂದು ನಿಲ್ಲಿಸುತ್ತಾನೆ. ಹಸಿದು ಬಂದ ರಾಜಕುಮಾರಿಯರು ಊಟ ಕೇಳಿದರೆ ಅವನು ಹೇಳುವುದು ಇಷ್ಟು: ನಾನು ಇನ್ನೊಬ್ಬನ ಆಳು, ನಾನು ಮೇಯಿಸುವ ಕುರಿಯ ಉಣ್ಣೆ ನನಗೆ ಸೇರಿದ್ದಲ್ಲ, ನನ್ನ ಧಣಿ ಜಿಪುಣ, ಮನೆಯನ್ನೂ ಮಂದೆಯನ್ನೂ ಮಾರಾಟಕ್ಕಿಟ್ಟಿದ್ದಾನೆ. ತಕ್ಷಣ ರಾಜಕುಮಾರಿಯರು ಆ ಮನೆ, ಮಂದೆ, ಹುಲ್ಲುಗಾವಲು ಎಲ್ಲವನ್ನೂ ಕೊಂಡುಕೊಳ್ಳುತ್ತಾರೆ, ಕೋರಿನ್ನನ ಕೂಲಿ ಹೆಚ್ಚಿಸುತ್ತೇವೆ ಅನ್ನುತ್ತಾರೆ. ಪ್ರೇಮದ ಕಾಡು ನಿಂತಿರುವುದು ಈ ವ್ಯಾಪಾರದ ಮೇಲೆ. ನಮ್ಮ ಕಾಲೇಜುಗಳಲ್ಲಿ ಈ ನಾಟಕ ಪಾಠ ಮಾಡುವ ಮೇಷ್ಟ್ರುಗಳು ರೋಸಲಿಂಡಳ ಜಾಣ್ಮೆಗೆ ಒಂದು ವಾರ ಕೊಡುತ್ತಾರೆ. ಕೋರಿನ್ನನ ಉಣ್ಣೆಗೆ ಐದು ನಿಮಿಷವಾದರೂ ಕೊಟ್ಟರೆ ತಪ್ಪೇನು?

3

ಜರ್ಮನಿಯ ಕಾಡು ನಮಗೆ ಗೊತ್ತಿರುವುದು ಗ್ರಿಮ್ ಸೋದರರ ಕಥೆಗಳಿಂದ. 1812ರ ಮೊದಲ ಸಂಪುಟದಲ್ಲೇ ಹ್ಯಾನ್ಸೆಲ್ ಮತ್ತು ಗ್ರೇಟೆಲ್ ಕಥೆ ಇದೆ. ಅಪ್ಪ ಸೌದೆ ಕಡಿಯುವವನು. ಮನೆಯಲ್ಲಿ ಹಿಟ್ಟಿಲ್ಲ. ಮಕ್ಕಳನ್ನು ಕಾಡಿಗೆ ಬಿಟ್ಟು ಬರೋಣ ಎಂದು ಹೇಳುವವಳು ಮೊದಲ ಆವೃತ್ತಿಯಲ್ಲಿ ಸ್ವಂತ ತಾಯಿ. 1840ರ ಆವೃತ್ತಿಯ ಹೊತ್ತಿಗೆ ಅವಳು ಮಲತಾಯಿಯಾದಳು. ಹಸಿವು ಎಂಥ ತಾಯಿಯ ಬಾಯಲ್ಲಿ ಎಂಥ ಮಾತು ಹೊರಡಿಸುತ್ತದೆ ಎಂಬ ಭಯಂಕರ ಸತ್ಯವನ್ನು ಮಧ್ಯಮವರ್ಗದ ಮನೆಗಳಲ್ಲಿ ಓದುವುದು ಕಷ್ಟ. ಮಲತಾಯಿಯ ಕೆಟ್ಟತನ ಎಂದರೆ ಸಲೀಸು. ಹಸಿವಿನ ಕಥೆ ಹೀಗೆ ಒಬ್ಬ ಕೆಟ್ಟ ಹೆಂಗಸಿನ ಕಥೆಯಾಯಿತು.

ಆ ಕಥೆಗಳು ಮನೆಮನೆಗೆ ಹೋಗುತ್ತಿದ್ದ ದಶಕಗಳಲ್ಲೇ ಪ್ರಷ್ಯಾದ ಕೋರ್ಟುಗಳಲ್ಲಿ ತುಂಬಿದ್ದದ್ದು ಸೌದೆ ಕಳ್ಳತನದ ಮೊಕದ್ದಮೆಗಳು. ಕಾಡಿನಲ್ಲಿ ಬಿದ್ದ ಪುರಳೆ ಆರಿಸುವುದು ಬಡವರ ಹಳೆಯ ರೂಢಿ. ಅದನ್ನು ಕಳ್ಳತನ ಎಂದು ಮಾಡುವ ಕಾನೂನು ರೈನ್ ಪ್ರಾಂತದ ಸಭೆಯಲ್ಲಿ ಚರ್ಚೆಗೆ ಬಂತು. 1842ರಲ್ಲಿ ಕೊಲೋನ್ ನಗರದ ಪತ್ರಿಕೆಯೊಂದರಲ್ಲಿ 24 ವರ್ಷದ ಕಾರ್ಲ್ ಮಾರ್ಕ್ಸ್ ಅದರ ವಿರುದ್ಧ ಸರಣಿ ಲೇಖನ ಬರೆದ. ಹಣಕಾಸಿನ ಸಂಗತಿಗಳ ಕಡೆ ತನ್ನನ್ನು ಮೊದಲು ತಿರುಗಿಸಿದ್ದು ಇಂಥ ಪ್ರಶ್ನೆಗಳೇ ಎಂದು ಆತ 1859ರಲ್ಲಿ ನೆನೆಸಿಕೊಂಡ. ಅಂದರೆ ಮಾರ್ಕ್ಸ್‌ವಾದದ ಬುಡದಲ್ಲೊಂದು ಸೌದೆ ಹೊರೆ ಇದೆ! ನಮ್ಮ ಮಾರ್ಕ್ಸ್‌ವಾದಿ ಗೆಳೆಯರು ಕಾರ್ಖಾನೆಯನ್ನು ನೆನೆದಷ್ಟು ಈ ಹೊರೆಯನ್ನು ನೆನೆಯುವುದಿಲ್ಲ.

ಆ ವರ್ಷ ಅಲ್ಲೇ ಪಕ್ಕದ ಬಾನ್ ಊರಿನ ಒಬ್ಬ ಹುಡುಗನಿಗೆ 18 ವಯಸ್ಸು. ಹೆಸರು ಡೀಟ್ರಿಚ್ ಬ್ರಾಂಡಿಸ್. ಈತ 1856ರಲ್ಲಿ ಬರ್ಮಾದ ಪೆಗುವಿಗೆ ಬಂದ, 1864ರಲ್ಲಿ ಇಡೀ ಇಂಡಿಯಾದ ಮೊದಲ ಅರಣ್ಯ ಮಹಾನಿರೀಕ್ಷಕನಾದ. 1865ರಲ್ಲಿ, ಆಮೇಲೆ 1878ರಲ್ಲಿ ಇಲ್ಲಿ ಅರಣ್ಯ ಕಾನೂನುಗಳು ಬಂದವು. ಹಳ್ಳಿಗಳಿಗೂ ಒಂದಿಷ್ಟು ಕಾಡು ಬಿಡಬೇಕು ಎಂಬ ಕಡೆಗೆ ಬ್ರಾಂಡಿಸ್ ವಾಲಿದ್ದ. ಗೆದ್ದದ್ದು ಬಿಗಿಪಟ್ಟಿನವರ ವಾದ. ಯುರೋಪಿನ ಕಾಡು ನಮಗೆ ಎರಡು ದಾರಿಯಲ್ಲಿ ಬಂತು ಎಂಬುದನ್ನು ಇಲ್ಲಿ ಗಮನಿಸಬೇಕು. ವರ್ಡ್ಸ್‌ವರ್ತ್, ಶೆಲ್ಲಿಯರ ಜತೆ ಇಂಗ್ಲಿಷ್ ತರಗತಿಯ ಮೂಲಕ ಬಂದದ್ದು ಒಂದು. ಗಾರ್ಡಿನ ಖಾಕಿ ತೊಟ್ಟು ಬಂದದ್ದು ಇನ್ನೊಂದು. ಮೊದಲನೆಯದರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಪಿಎಚ್.ಡಿ.ಗಳಾಗಿವೆ.

ಜರ್ಮನಿಯ ಕಾಡಿನ ಕಥೆ ಇನ್ನೂ ಮುಗಿದಿಲ್ಲ. ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮನ್ನರ ಮೂರು ದಂಡುಗಳು ನಾಶವಾದದ್ದನ್ನು ಹಿಡಿದು, ನಾವು ಕಾಡಿನ ಮಕ್ಕಳು, ನಮ್ಮ ರಕ್ತ ಶುದ್ಧ ಎಂಬ ಪುರಾಣ ಕಟ್ಟಿದ ದೇಶಭಕ್ತರು ಕೊನೆಗೆ ಎಲ್ಲಿಗೆ ಬಂದು ನಿಂತರು? 1938ರ ನವೆಂಬರ್ 12ರಂದು ಯೆಹೂದಿಗಳ ಬಗ್ಗೆ ನಾಜಿ ಮುಖಂಡರು ನಡೆಸಿದ ಸಭೆಯಲ್ಲಿ ಗೊಯೆಬಲ್ಸ್ ಒಂದು ಸಲಹೆ ಕೊಟ್ಟ: ಯೆಹೂದಿಗಳು ಜರ್ಮನ್ ಕಾಡಿನೊಳಗೆ ಕಾಲಿಡದ ಹಾಗೆ ಮಾಡಬೇಕು. ದೇಶದ ಅರಣ್ಯಗಳ ಮುಖ್ಯಸ್ಥನೂ ಆಗಿದ್ದ ಗೋರಿಂಗ್, ಅವರಿಗೆಂದೇ ಕಾಡಿನ ಒಂದು ಭಾಗ ಬೇರೆ ಮಾಡಿಕೊಡೋಣ ಎಂದು ಗೇಲಿ ಮಾಡಿದ. ಬೇರೆ ಬಾವಿ, ಬೇರೆ ಲೋಟ, ಬೇರೆ ಸುಡುಗಾಡು ಕಂಡ ನಮಗೆ ಈ 'ಬೇರೆ ಕಾಡು' ಅರ್ಥವಾಗಲು ಹೆಚ್ಚು ಹೊತ್ತು ಬೇಡ.

ವೈಮರ್ ಊರಿನ ಹತ್ತಿರ ಗಯಟೆ ಕವಿ ಅಡ್ಡಾಡಿದ ಗುಡ್ಡದ ಕಾಡನ್ನು 1937ರಲ್ಲಿ ಕೈದಿಗಳಿಂದಲೇ ಕಡಿಸಿ ಒಂದು ಶಿಬಿರ ಕಟ್ಟಿದರು. ಅದಕ್ಕಿಟ್ಟ ಹೆಸರು ಬುಖೆನ್‌ವಾಲ್ಡ್. ಬೀಚ್ ಮರಗಳ ಕಾಡು ಎಂದು ಅದರ ಅರ್ಥ. ಒಂದು ಓಕ್ ಮರವನ್ನು ಮಾತ್ರ ಉಳಿಸಿದರು. ಕೈದಿಗಳು ಅದನ್ನು ಗಯಟೆಯ ಓಕ್ ಎನ್ನುತ್ತಿದ್ದರು. ಮರದ ಸುತ್ತ ಸುಮಾರು 56,000 ಜನ ಸತ್ತರು. 1944ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದ ಆ ಮರದ ಬೊಡ್ಡೆ ಈಗಲೂ ಅಲ್ಲಿದೆ. ಕವಿಯ ಮರವನ್ನು ಉಳಿಸುವ ಸಂಸ್ಕೃತಿಗೆ ಮನುಷ್ಯನನ್ನು ಉಳಿಸಬೇಕೆಂದು ಅನ್ನಿಸುವುದು ಕಡ್ಡಾಯವೇನಲ್ಲ. ಇದೇ ಕಾಲದಲ್ಲಿ ಬೆಲಾರುಸಿನ ನಾಲಿಬೊಕಿ ಕಾಡಿನಲ್ಲಿ ಬಿಯೆಲ್ಸ್ಕಿ ಸೋದರರು ಮುದುಕರು ಮಕ್ಕಳು ಸಮೇತ 1,200ಕ್ಕೂ ಹೆಚ್ಚು ಯೆಹೂದಿಗಳನ್ನು ಬದುಕಿಸಿಕೊಂಡರು. ಹಾಗಾಗಿ ಕಾಡು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾರು, ಯಾರಿಂದ ತಪ್ಪಿಸಿಕೊಂಡು, ಯಾಕೆ ಅಲ್ಲಿದ್ದಾರೆ ಎಂದು ಕೇಳಬೇಕು.

4

ಈಗ ಅಮೆರಿಕಕ್ಕೆ ಬರೋಣ. 1845 ಎಂಬ ಒಂದೇ ವರ್ಷವನ್ನು ಹಿಡಿಯೋಣ.

ಆ ವರ್ಷದ ಮಾರ್ಚಿಯಲ್ಲಿ ಹೆನ್ರಿ ಡೇವಿಡ್ ಥೋರೊ ಒಂದು ಕೊಡಲಿಯನ್ನು ಎರವಲು ತೆಗೆದುಕೊಂಡು ವಾಲ್ಡನ್ ಕೊಳದ ಪಕ್ಕದ ಕಾಡಿಗೆ ಹೋದ. ಪೈನ್ ಮರ ಕಡಿದು ಮನೆ ಕಟ್ಟಿಕೊಂಡ. ಕೊಡಲಿಯನ್ನು ಇನ್ನಷ್ಟು ಹರಿತ ಮಾಡಿ ವಾಪಸು ಕೊಟ್ಟೆ ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಜಾಗ ಅವನ ಗೆಳೆಯ ಎಮರ್ಸನ್‌ನದು. ಹಲಗೆಗಾಗಿ ರೈಲು ದಾರಿಯ ಕೂಲಿ, ಐರಿಷ್ ಮೂಲದ ಜೇಮ್ಸ್ ಕಾಲಿನ್ಸ್‌ನ ಗುಡಿಸಲನ್ನು ನಾಲ್ಕೂಕಾಲು ಡಾಲರಿಗೆ ಕೊಂಡ. ಷರತ್ತೇನೆಂದರೆ ಕಾಲಿನ್ಸ್ ಕುಟುಂಬ ಮರುದಿನ ಬೆಳಗಿನ ಐದು ಗಂಟೆಗೆ ಗುಡಿಸಲು ಬಿಡಬೇಕು. ಸರಳ ಬದುಕಿನ ಆ ಮಹಾಗ್ರಂಥದಲ್ಲಿ ಕಾಲಿನ್ಸನ ಹೆಂಡತಿ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ನಡೆದುಹೋಗುತ್ತಾರೆ. ಎಲ್ಲಿಗೆ? ಥೋರೊ ಕೇಳುವುದಿಲ್ಲ.

ಅದೇ 1845ರಲ್ಲಿ ಫ್ರೆಡರಿಕ್ ಡಗ್ಲಸ್‌ನ ಆತ್ಮಕಥೆ ಬಂತು. ಹದಿನಾರರ ವಯಸ್ಸಿನ ಗುಲಾಮ ಹುಡುಗ. ಗುಲಾಮರ ಸೊಕ್ಕು ಮುರಿಯುವುದರಲ್ಲಿ ಹೆಸರುವಾಸಿಯಾದ ಕೋವೀ ಎಂಬವನ ಕೈಗೆ ಅವನನ್ನು ಒಪ್ಪಿಸಿದ್ದರು. ಜನವರಿಯ ಕೊರೆಯುವ ಚಳಿಯಲ್ಲಿ, ಪಳಗದ ಎತ್ತುಗಳನ್ನು ಕೊಟ್ಟು, ಕಾಡಿಗೆ ಹೋಗಿ ಒಂದು ಗಾಡಿ ಸೌದೆ ತಾ ಎಂದು ಕಳಿಸುತ್ತಾನೆ. ಹುಡುಗ ಅದುವರೆಗೆ ಎತ್ತು ಹೂಡಿದವನಲ್ಲ. ಎತ್ತು ಬೆದರಿ ಗಾಡಿ ಉರುಳುತ್ತದೆ. ಅವನು ಹೇಗೋ ಸೌದೆ ತುಂಬಿ ವಾಪಸು ಬಂದರೆ ಕೋವೀ ಅವನನ್ನು ಮತ್ತೆ ಕಾಡಿಗೇ ಕರೆದೊಯ್ದು, ಕೊಡಲಿಯಿಂದ ಗಮ್ ಮರದ ಮೂರು ಬರಲು ಕಡಿದು, ಚಾಕುವಿನಿಂದ ನಯ ಮಾಡಿ, ಬಟ್ಟೆ ಬಿಚ್ಚಿಸಿ ಹೊಡೆಯುತ್ತಾನೆ. ಆಮೇಲೊಂದು ದಿನ ಪೆಟ್ಟು ತಿಂದು ರಕ್ತ ಸೋರಿಸಿಕೊಂಡು ಬರಿಗಾಲಲ್ಲಿ ಏಳು ಮೈಲಿ, ರಸ್ತೆಗೆ ಬಂದರೆ ಹಿಡಿಯುತ್ತಾರೆಂದು ಕಾಡಿನೊಳಗೇ ನಡೆದುಹೋಗಿ ಯಜಮಾನನಲ್ಲಿ ದೂರು ಹೇಳುತ್ತಾನೆ. ಯಜಮಾನ ವಾಪಸು ಅಟ್ಟುತ್ತಾನೆ. ಮತ್ತೆ ಕಾಡೇ ಗತಿ. ಅಲ್ಲಿ ಸಿಕ್ಕಿದ ಇನ್ನೊಬ್ಬ ಗುಲಾಮ ಒಂದು ಬೇರು ಕೊಟ್ಟು, ಇದನ್ನು ಬಲಗಡೆ ಇಟ್ಟುಕೊ, ಯಾವ ಬಿಳಿಯನೂ ನಿನ್ನನ್ನು ಹೊಡೆಯಲಾರ ಅನ್ನುತ್ತಾನೆ. ಡಗ್ಲಸ್‌ಗೆ ಬೇರಿನಲ್ಲಿ ನಂಬಿಕೆಯಿಲ್ಲ, ಆದರೂ ಇಟ್ಟುಕೊಳ್ಳುತ್ತಾನೆ. ಅದಾದ ಮೇಲೆ ಕೋವೀ ಕೈ ಎತ್ತಿದಾಗ ಈ ಹುಡುಗ ತಿರುಗಿಬಿದ್ದು ಅವನ ಕತ್ತು ಹಿಡಿಯುತ್ತಾನೆ.

ಒಂದೇ ಭಾಷೆ, ಒಂದೇ ವರ್ಷ, ಎರಡು ಕೊಡಲಿ. ಒಂದರಲ್ಲಿ ಕಾಡು ತನ್ನ ಇಷ್ಟದಿಂದ ಹೋದವನಿಗೆ ಬಿಡುವು ಕೊಡುತ್ತದೆ. ಇನ್ನೊಂದರಲ್ಲಿ ಅದೇ ಕಾಡು ಕೂಲಿ, ಬರಲು, ಬಚ್ಚಿಟ್ಟುಕೊಳ್ಳುವ ಜಾಗ, ಮದ್ದು, ಕೊನೆಗೆ ಬಂಡಾಯ. ಸಾಹಿತ್ಯ ಚರಿತ್ರೆ 'ಪ್ರಕೃತಿ ಬರಹ' ಎಂಬ ಹೆಸರನ್ನು ಥೋರೊನ ಪುಸ್ತಕಕ್ಕೆ ಕೊಟ್ಟಿತು. ಡಗ್ಲಸ್‌ನ ಪುಸ್ತಕವನ್ನು 'ಗುಲಾಮ ಕಥನ' ಎಂಬ ಬೇರೆ ಕಪಾಟಿಗೆ ಹಾಕಿತು. ನಮ್ಮಲ್ಲಿ ದಲಿತ ಆತ್ಮಕಥೆಗಳನ್ನು ಬರೀ 'ನೋವಿನ ದಾಖಲೆ' ಎಂದು ಬದಿಗಿಡುವುದೂ ಇದೇ ಕಪಾಟಿನ ರಾಜಕಾರಣ. ಡಗ್ಲಸ್ ಕಾಡನ್ನು ಕಂಡಿರಲಿಲ್ಲವೆ? ಥೋರೊಗಿಂತ ಹತ್ತಿರದಿಂದ ಕಂಡಿದ್ದ.

ಥೋರೊನನ್ನು ಇಷ್ಟಕ್ಕೇ ಬಿಟ್ಟರೆ ಅನ್ಯಾಯವಾದೀತು. ಗುಲಾಮಗಿರಿಯ ಸರ್ಕಾರಕ್ಕೆ ತೆರಿಗೆ ಕೊಡುವುದಿಲ್ಲ ಎಂದು 1846ರಲ್ಲಿ ಜೈಲಿಗೆ ಹೋದವನು ಅವನು. 1854ರ 'ವಾಲ್ಡನ್' ಪುಸ್ತಕದಲ್ಲಿ ಹಿಂದೆ ಆ ಕಾಡಿನಲ್ಲಿದ್ದವರ ಬಗ್ಗೆ ಒಂದು ಅಧ್ಯಾಯವೇ ಇದೆ. ಕೇಟೋ ಇಂಗ್ರಹಾಂ, ನೂಲು ತೆಗೆಯುತ್ತಿದ್ದ ಜಿಲ್ಫಾ, ಬ್ರಿಸ್ಟರ್ ಫ್ರೀಮನ್, ಅವನ ಹೆಂಡತಿ ಕಣಿ ಹೇಳುವ ಫೆಂಡಾ. ಗುಲಾಮಗಿರಿ ಕಂಡು ಬಿಡುಗಡೆಯಾದ ಕರಿಯರು. 1812ರ ಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೈನಿಕರು ಜಿಲ್ಫಾಳ ಮನೆಗೆ ಬೆಂಕಿಯಿಟ್ಟು ಅವಳ ನಾಯಿ, ಬೆಕ್ಕು, ಕೋಳಿಗಳನ್ನು ಸುಟ್ಟರು. ಊರಿನವರಿಗೆ ಬೇಡವಾದ ಮರಳು ನೆಲದ ಕಾಡಂಚಿಗೆ ಅವರು ತಳ್ಳಲ್ಪಟ್ಟಿದ್ದರು. ಥೋರೊ ಏಕಾಂತ ಅನುಭವಿಸಿದ ಆ ಕಾಡು ಒಂದು ಕಾಲಕ್ಕೆ ಕೇರಿಯಾಗಿತ್ತು! ಅವರು ಖಾಲಿಯಾದ ಮೇಲೆ ಅದು 'ಪ್ರಕೃತಿ'ಯಾಯಿತು. ಕಾನ್ಕಾರ್ಡ್ ಊರು ಉಳಿಯಿತು, ಈ ಪುಟ್ಟ ಹಟ್ಟಿ ಯಾಕೆ ಅಳಿಯಿತು ಎಂದು ಥೋರೊ ಕೇಳುತ್ತಾನೆ, ಉತ್ತರವನ್ನು ಬೆನ್ನು ಹತ್ತುವುದಿಲ್ಲ. ಆ ಉತ್ತರವನ್ನು ಹುಡುಕಿ 2009ರಲ್ಲಿ ಎಲೀಸ್ ಲೆಮಿರ್ ಎಂಬ ವಿದ್ವಾಂಸೆ 'ಬ್ಲ್ಯಾಕ್ ವಾಲ್ಡನ್' ಬರೆದರು.

ಯೊಸೆಮಿಟಿಯದೂ ಇದೇ ಕಥೆ. 1851ರಲ್ಲಿ ಸಶಸ್ತ್ರ ಪಡೆಯೊಂದು ಅಹ್ವಾನೀಚಿ ಜನರನ್ನು ಆ ಕಣಿವೆಯಿಂದ ಓಡಿಸಿತು. 1890ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಆ ಕಾಡನ್ನು ದೇವಾಲಯವೆಂದು ಕೊಂಡಾಡಿದ ಜಾನ್ ಮ್ಯೂರ್‌ಗೆ ಅಲ್ಲಿ ಎದುರಾದ ಮೂಲನಿವಾಸಿಗಳು ಕೊಳಕರಾಗಿ ಕಂಡರು. ಮರದ ಬಗ್ಗೆ ಭಕ್ತಿ, ಮನುಷ್ಯನ ಬಗ್ಗೆ ಮೈಲಿಗೆ. ಈ ಜೋಡಿ ನಮಗೆ ಬಹಳ ಪರಿಚಿತ.

5

ಹಾಗಾದರೆ ಚೆಲುವನ್ನು ಏನು ಮಾಡೋಣ? ಇದು ನಿಜವಾಗಿ ಕಷ್ಟದ ಪ್ರಶ್ನೆ. ಟಸ್ಕೆಗೀ ಸಂಸ್ಥೆಯ ಲೆಕ್ಕದ ಪ್ರಕಾರ 1882ರಿಂದ 1968ರವರೆಗೆ ಅಮೆರಿಕದಲ್ಲಿ 4,743 ಜನರನ್ನು ಗುಂಪುಗಳು ಕೊಂದವು. ಅವರಲ್ಲಿ 3,446 ಮಂದಿ ಕರಿಯರು. ಎಷ್ಟೋ ಜನರನ್ನು ನೇತುಹಾಕಿದ್ದು ಮರಗಳಿಗೆ. 1939ರಲ್ಲಿ ಬಿಲ್ಲಿ ಹಾಲಿಡೇ ಹಾಡಿದ ಹಾಡು ಆ ಮರಗಳನ್ನು ಕುರಿತದ್ದೇ. ಇಂಥ ಚರಿತ್ರೆಯಿರುವ ಜನ ಮರವನ್ನು ಹೇಗೆ ನೋಡಬೇಕು?

ಟೋನಿ ಮಾರಿಸನ್ 1987ರ 'ಬಿಲವೆಡ್' ಕಾದಂಬರಿಯಲ್ಲಿ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಸೆತೆಯ ಬೆನ್ನ ಮೇಲೆ ಚಾಟಿಯೇಟಿನ ಗಾಯ ಮರದ ಆಕಾರದಲ್ಲಿ ಮಾಗಿದೆ. ಹಳೆಯ ತೋಟ ನೆನಪಾದಾಗ ಅವಳ ಕಣ್ಣಿಗೆ ಮೊದಲು ಬರುವುದು ಅಲ್ಲಿನ ಚೆಂದದ ಮರಗಳು, ಆ ಮರಗಳಿಗೆ ನೇತುಹಾಕಿದ್ದ ಹುಡುಗರಲ್ಲ. ಇದಕ್ಕಾಗಿ ಅವಳು ನಾಚುತ್ತಾಳೆ. ಈ ನಾಚಿಕೆ ಬಹಳ ದೊಡ್ಡದು. ಮಾರಿಸನ್ ಚೆಲುವನ್ನು ಸುಳ್ಳು ಅನ್ನುವುದಿಲ್ಲ, ಆ ಮರಗಳು ಚೆಲುವಾಗೇ ಇದ್ದವು. ಆದರೆ ಆ ಚೆಲುವನ್ನು ನೇತಾಡುವ ದೇಹದಿಂದ ಬಿಡಿಸಿ ನೋಡಲು ಬಿಡುವುದಿಲ್ಲ. ಇದೇ ಕಾದಂಬರಿಯಲ್ಲಿ ಮುದುಕಿ ಬೇಬಿ ಸಗ್ಸ್ ಕಾಡಿನ ನಡುವಿನ ಬಯಲಿಗೆ ತನ್ನ ಜನರನ್ನು ಕರೆದು, ನಿಮ್ಮ ಮೈಯನ್ನು ನೀವೇ ಪ್ರೀತಿಸಿ, ಬೇರೆ ಯಾರೂ ಪ್ರೀತಿಸುವುದಿಲ್ಲ ಎನ್ನುವ ಅರ್ಥದಲ್ಲಿ ಬೋಧಿಸುತ್ತಾಳೆ. ಚರ್ಚಿನಲ್ಲಿ ಸಿಗದ ಮರ್ಯಾದೆಯನ್ನು ಈ ಜನ ಕಾಡಿನಲ್ಲಿ ತಾವೇ ಮಾಡಿಕೊಂಡರು. ನೇಣಿನ ಮರ, ಬೆನ್ನಿನ ಮರ, ಬೇಬಿ ಸಗ್ಸಳ ಬಯಲು, ಮೂರೂ ಸೇರಿದರೆ ಮಾತ್ರ ಇವರ ಕಾಡು ಪೂರ್ತಿಯಾಗುತ್ತದೆ.

1946ರಲ್ಲಿ ಬಾಬಾಸಾಹೇಬರು ಡಬ್ಲ್ಯು.ಇ.ಬಿ. ಡುಬಾಯ್ಸ್‌ಗೆ ಪತ್ರ ಬರೆದಿದ್ದರು. 1972ರಲ್ಲಿ ಬೊಂಬಾಯಿಯ ದಲಿತ ಹುಡುಗರು ಪ್ಯಾಂಥರ್ ಎಂಬ ಹೆಸರನ್ನು ಅಲ್ಲಿಂದಲೇ ತಂದರು. ನಾವು ಕರಿಯರ ಸಾಹಿತ್ಯ ಓದುವುದು ಬರೀ ಸಹಾನುಭೂತಿಗಲ್ಲ, ಓದುವ ವಿಧಾನಕ್ಕಾಗಿ. 1948ರ ಸಂವಿಧಾನ ಸಭೆಯಲ್ಲಿ ಹಳ್ಳಿಯ ಬಗೆಗಿನ ಭಾವುಕತೆಯನ್ನು ಬಾಬಾಸಾಹೇಬರು ಒಡೆದರು. ಕಾಡಿನ ಬಗೆಗಿನ ಭಾವುಕತೆಯನ್ನು ಒಡೆಯುವ ಕೆಲಸ ನಮ್ಮ ಪಾಲಿಗಿದೆ.

ಕನ್ನಡದಲ್ಲಿ ಅದಕ್ಕೆ ಬುನಾದಿ ಇಲ್ಲದಿಲ್ಲ. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಕಾಡನ್ನು ವಿಮರ್ಶಕರು ದರ್ಶನ, ವಿರಾಟ್ ಎಂದೆಲ್ಲ ಕೊಂಡಾಡಿದ್ದಾರೆ. ಆದರೆ ನಾಯಿಗುತ್ತಿ ಮತ್ತು ತಿಮ್ಮಿಗೆ ಅದು ಒಡೆಯರ ಕಣ್ಣು ತಪ್ಪಿಸಿ ಓಡುವ ದಾರಿ. ಆ ದಾರಿಯಿಂದ ಆ ಕಾದಂಬರಿಯನ್ನು ಇನ್ನೂ ಪೂರ್ತಿ ಓದಬೇಕಾಗಿದೆ.

ಇದೆಲ್ಲ ಬರೀ ಸಾಹಿತ್ಯದ ಮಾತೇ ಎಂದು ಚಳವಳಿಯ ಗೆಳೆಯರು ಕೇಳಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ತೆಗೆದು ನೋಡಿ. ಪರಿಶಿಷ್ಟ ಪಂಗಡಕ್ಕೆ ಸೇರದೆ ಕಾಡಿನಲ್ಲಿ ಬದುಕುವವರು, ಅಂದರೆ ಕಾಡಂಚಿನ ದಲಿತರೂ, 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದಿಂದ ತಾವು ಅಲ್ಲಿದ್ದೇವೆಂದು ಪುರಾವೆ ಕೊಡಬೇಕು. ಯಾರ ಹೆಸರನ್ನೂ ಬರೆದುಕೊಳ್ಳದ ಸಮಾಜ ಈಗ ಬರೆದದ್ದನ್ನು ತೋರಿಸು ಅನ್ನುತ್ತಿದೆ. ಥೋರೊ ಬರೆದಿಟ್ಟ ಕೆಲವೇ ಪುಟಗಳಿಂದ, ಒಂದೂವರೆ ಶತಮಾನದ ಮೇಲೆ, ಬ್ರಿಸ್ಟರ್ ಮತ್ತು ಜಿಲ್ಫಾರ ಜಾಗವನ್ನು ಗುರುತಿಸಲು ದಾರಿಯಾಯಿತು. ನಮ್ಮ ಮಲೆಸೀಮೆಯ ಕವಿತೆಗಳಲ್ಲಿ, ಕಾದಂಬರಿಗಳಲ್ಲಿ ಹಕ್ಕಿಗಳ ಹೆಸರು, ಹೂಗಳ ಹೆಸರು ಬೇಕಾದಷ್ಟಿವೆ. ಸೌದೆ ಹೊತ್ತವರ ಹೆಸರು ಎಷ್ಟಿವೆ ಎಂದು ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳು ಕೂತು ಎಣಿಸಬೇಕು. ಪಟ್ಟಿ ಚಿಕ್ಕದಾದರೆ ಅದನ್ನು ಉದ್ದ ಮಾಡುವ ಕೆಲಸ ಬರೆಯುವವರದು.